ಹೆಡ್‌ಫೋನಿನೊಳಗಿನ ನೋಂಬು

ಹೋದ ವಾರ ನೆಲ್ಯಾಡಿ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ಮೊಬೈಲ್ ರಿಪೇರಿ ಅಂಗಡಿಯ ಎದುರು ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಸೀಸ ಕರಗುವಾಗ ಜೊತೆಗೆ ರಾಳವೂ ಸುಡುತ್ತದಲ್ಲ, ಆ ಹೊಗೆ ಸಪೂರ ಎಳೆಯಾಗಿ ಬೀದಿಗೆ ಬಂತು. ಚರ್ಚಿನ ಧೂಪವೇ ಅಂದುಕೊಂಡೆ. ಮರುಕ್ಷಣ ಅದು ಧೂಪವಲ್ಲ, ಎರಡು ವರ್ಷದ ಹಿಂದಿನ ನೋಂಬುಕಾಲ ಎಂದು ಗೊತ್ತಾಯಿತು. ಕಡಬದ ಬಸ್ಸು ಬಂದು ನಿಂತು ಹೋಯಿತು. ಕಂಡಕ್ಟರ್ ಬಾಗಿಲು ಬಡಿದು “ಟೀಚರೇ, ಬರುದಿಲ್ವಾ?” ಅಂದದ್ದು ಕೇಳಿಸಿತು, ಆದರೂ ಹತ್ತಲಿಲ್ಲ.

ನೋಂಬು ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನಗಳ ತಪಸ್ಸುಕಾಲ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡಲ್ಲಿಂದ ಶುರು. ಮೀನು ಮಾಂಸ ಬಿಡುವುದು ಎಲ್ಲರಿಗೂ ಗೊತ್ತು. ನಾನು ಇನ್ನೊಂದನ್ನೂ ಬಿಡುತ್ತೇನೆ, ಅದು ವಾದ್ಯ. ಮಂಗಳೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ನನಗೆ ಆರ್ಗನ್ ಕಲಿಸಿದ ಸಿಸ್ಟರ್ ಬೆನೆಡಿಕ್ಟಾ ನೋಂಬು ಬಂತೆಂದರೆ ಆರ್ಗನಿಗೆ ಬೀಗ ಹಾಕಿ ಕೀ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. “ಗರ್ಲ್ಸ್, ಲೆಟ್ ಯುವರ್ ಇಯರ್ಸ್ ಫಾಸ್ಟ್ ಟೂ” ಎನ್ನುತ್ತಿದ್ದರು. ಕಿವಿಗೂ ಉಪವಾಸ ಬೇಕಂತೆ. ಈಸ್ಟರಿಗೆ ಮೊದಲಿನ ಪವಿತ್ರ ಗುರುವಾರ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವಾಗ ಒಮ್ಮೆ ಮಾತ್ರ ಗಂಟೆಗಳ ಜೊತೆ ಆರ್ಗನ್ ನುಡಿಯಬೇಕು. ಕೂಡಲೇ ಮುಚ್ಚಬೇಕು. ಮತ್ತೆ ಈಸ್ಟರಿಗೇ. ನಮ್ಮೂರಿನ ಚರ್ಚಿನಲ್ಲಿ ಈಗ ಇದು ಅಷ್ಟು ಕಟ್ಟುನಿಟ್ಟಿಲ್ಲ. ಆದರೆ ನಾನು ಪಾಲಿಸಿಕೊಂಡು ಬಂದಿದ್ದೆ, ಸ್ವಲ್ಪ ಹೆಮ್ಮೆಯಿಂದಲೇ. ಆ ವರ್ಷದ ತಪ್ಪಿಗೆ ಮೂಲವೇ ಆ ಹೆಮ್ಮೆ.

ನಮ್ಮ ಚರ್ಚ್ ಸಣ್ಣದು. ನೆಲ್ಯಾಡಿಯ ಹೈವೇ ಬಿಟ್ಟು ಕಡಬದ ಕಡೆಗೆ ಹೊರಳಿದರೆ ರಬ್ಬರ್ ತೋಟಗಳ ನಡುವೆ ಸಿಗುತ್ತದೆ. ನಮ್ಮ ಅಪ್ಪಚ್ಚನ, ಅಂದರೆ ಅಜ್ಜನ, ಕಾಲದವರು ಕೇರಳದಿಂದ ಬಂದು ರಬ್ಬರ್ ಇಟ್ಟವರು, ಮರ ಹಾಲು ಕೊಡುವ ಮೊದಲೇ ಚರ್ಚ್ ಕಟ್ಟಿಕೊಂಡಿದ್ದರು. ಅಲ್ಲಿ ಒಂದು ಆರ್ಗನ್ ಇತ್ತು. ಗಾಳಿ ಊದುವ ಜಾತಿಯದ್ದಲ್ಲ, ಕರೆಂಟಿನದ್ದು. ಎರಡು ಸಾಲು ಕೀಗಳು, ಅವುಗಳ ಮೇಲೆ ಬಿಸ್ಕೆಟಿನಂಥ ಬಿಳಿ ಸ್ವಿಚ್‌ಗಳು. ಯಾರೋ ಹೊರದೇಶದ ಪಾದ್ರಿ ಬಿಟ್ಟುಹೋದದ್ದಂತೆ. ಬೇಸಿಗೆಯಲ್ಲಿ ಅದರ ಶ್ರುತಿ ಒಂದು ಕೂದಲೆಳೆಯಷ್ಟು ಮೇಲೆ ಹೋಗುತ್ತಿತ್ತು, ಆಟಿ ತಿಂಗಳ ಜಡಿಮಳೆಗೆ ಒಂದು ಕೂದಲೆಳೆಯಷ್ಟು ಕೆಳಗೆ ಇಳಿಯುತ್ತಿತ್ತು. ಅದರ ಬೆಂಚಿನ ಮೇಲೆ ನಾನು ನಲವತ್ತೊಂದು ವರ್ಷ ಕೂತಿದ್ದೇನೆ. ಎಷ್ಟು ಮದುವೆ, ಎಷ್ಟು ಮಣ್ಣು ಮಾಡಿದ್ದು, ಲೆಕ್ಕ ಇಟ್ಟವರಿಲ್ಲ.

ಬೂದಿ ಬುಧವಾರದ ಹಿಂದಿನ ಭಾನುವಾರ, ಕೊನೆಯ ಹಾಡಿನ ನಡುವೆ, ಅದು ಒಂದು ಉದ್ದ ನಿಟ್ಟುಸಿರು ಬಿಟ್ಟಿತು. ಆಮೇಲೆ ಸುಟ್ಟ ವಾಸನೆ. ಆಮೇಲೆ ಏನೂ ಇಲ್ಲ.

ರಿಪೇರಿಗೆ ಬಂದವಳು ವಸಂತಿ. ಸುಳ್ಯದ ಕಡೆಯವಳು, ಮನೆಯಲ್ಲಿ ಅರೆಭಾಷೆ ಮಾತನಾಡುವ ಗೌಡರ ಹೆಂಗಸು. ಕಡಬದಲ್ಲಿ ಸೌಂಡ್ಸ್ ಅಂಡ್ ಲೈಟ್ಸ್ ಅಂಗಡಿ ಇಟ್ಟಿದ್ದಾಳೆ. ಗಂಡ ತೀರಿಹೋದ ಮೇಲೆ ಅಂಗಡಿ ಮಾರಿಬಿಡು ಅಂದವರ ಮದುವೆಗಳಿಗೇ ಮೈಕ್ ಕಟ್ಟಿದವಳು. ಪಿಕಪ್ ಅವಳೇ ಓಡಿಸುತ್ತಾಳೆ. ಆರ್ಗನಿನ ಬೆನ್ನಿನ ಹಲಗೆ ಬಿಚ್ಚಿ, ಟಾರ್ಚ್ ಬಿಟ್ಟು, ಬಹಳ ಹೊತ್ತು ನೋಡಿದಳು.

“ಎಂತ ಟೀಚರೇ, ಇದರೊಳಗೆ ಒಂದು ಪಂಚಾಯತೇ ಉಂಟಲ್ಲ. ಹಲ್ಲಿ ಮೊಟ್ಟೆ ಉಂಟು, ಇಲಿಯ ಮನೆ ಉಂಟು, ಒಂದು ಪ್ರಾರ್ಥನೆ ಪುಸ್ತಕ ಅರ್ಧ ತಿಂದದ್ದು ಉಂಟು.”

“ಸರಿಯಾಗ್ತದಾ ಇಲ್ವಾ, ಅದು ಹೇಳು.”

ಎರಡು ಕಡೆ ಬೆಸುಗೆ ಹಾಕಿ ನೋಡಿದಳು. ರಾಳದ ಹೊಗೆ ಪೂಜಾಪೀಠದ ತನಕ ಹೋಯಿತು. ಕೊನೆಗೆ ಟಾರ್ಚ್ ಆರಿಸಿದಳು. “ಬೋರ್ಡೇ ಹೋಗಿದೆ. ಇದರ ಪಾರ್ಟ್ಸ್ ಮಾಡಿದವರೇ ಈಗ ಇದ್ದಾರೋ ಇಲ್ವೋ. ಇದನ್ನು ಮಣ್ಣು ಮಾಡುದೇ ಟೀಚರೇ.”

ಫಾದರ್ ಒಳ್ಳೆಯವರು, ವಯಸ್ಸಿನಲ್ಲಿ ಚಿಕ್ಕವರು. ಅವರು ಬೆನ್ನಿಗೆ ಕೈ ಇಟ್ಟು ಹೇಳಿದರು: “ಈಸ್ಟರಿಗೆ ಲ್ಯಾನ್ಸಿಯ ಕೀಬೋರ್ಡ್ ಇಡುವ ಟೀಚರ್. ನಿಮಗೂ ಸ್ವಲ್ಪ ರೆಸ್ಟ್.” ಎಪ್ಪತ್ತು ದಾಟಿದವರಿಗೆ ‘ರೆಸ್ಟ್’ ಎಂಬುದನ್ನು ಎಲ್ಲರೂ ಗಿಫ್ಟ್ ಪ್ಯಾಕ್ ಮಾಡಿಯೇ ಕೊಡುತ್ತಾರೆ. ಲ್ಯಾನ್ಸಿ ಯೂತ್ ಗ್ರೂಪಿನ ಹುರುಪಿನ ಹುಡುಗ. ಅವನ ಕೀಬೋರ್ಡಿನಲ್ಲಿ ಒಂದು ಬಟನ್ ಒತ್ತಿದರೆ ಡಿಂಗ್‌ಚಿಕ್ ಡಿಂಗ್‌ಚಿಕ್ ಎಂದು ತಾಳ ತಾನಾಗಿ ಬರುತ್ತದೆ. ಮನುಷ್ಯ ಬರಬೇಕೆಂದೇ ಇಲ್ಲ.

“ಫಾದರ್, ಗುರುವಾರದ ಗ್ಲೋರಿಯಾ ತನಕ ಟೈಮ್ ಕೊಡಿ. ಆ ಹಳೆಯ ಆರ್ಗನಿನ ಸ್ವರ ನಾನು ಎಲ್ಲಿಂದಾದರೂ ತರುತ್ತೇನೆ.”

“ತಂದರೆ ಬೆಂಚು ನಿಮ್ಮದೇ,” ಎಂದು ನಕ್ಕರು. ತರದಿದ್ದರೆ ಏನೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಹೊರಗೆ ಪಿಕಪ್ ಹತ್ತಿರ ವಸಂತಿ ಅಂದಳು, “ಸ್ವರ ಬೇಕಾದ್ರೆ ನನ್ನ ಟ್ಯಾಬಿನಲ್ಲಿ ಉಂಟು, ಮಾರಾಯ್ರೆ.”

ಅವಳು ಸೌಂಡ್ ಮಿಕ್ಸರ್ ನಡೆಸಲು ಇಟ್ಟುಕೊಂಡಿದ್ದ ಟ್ಯಾಬ್ಲೆಟ್ ಅದು. ಮೂಲೆಯಲ್ಲಿ ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತ್ತು. ಅದರಲ್ಲಿ ಸಂಗೀತ ಮಾಡುವ ಒಂದು ಆ್ಯಪ್. ಆ್ಯಪಿನೊಳಗೆ ಹಳೆಯ ಕಾಲದ ವಾದ್ಯಯಂತ್ರಗಳನ್ನು ಹೋಲುವ ಸಿಂಥಸೈಸರ್‌ಗಳು, ಚಿತ್ರದಲ್ಲಿ ಮಾತ್ರ ಇರುವಂಥವು. ಮರದ ಪಟ್ಟಿ, ಕಪ್ಪು ನಾಬ್‌ಗಳು, ಕೆಂಪು ದೀಪ, ಎಲ್ಲ ಗಾಜಿನ ಕೆಳಗೆ ಬರೆದದ್ದು. ಬೆರಳಿನಲ್ಲಿ ಸವರಿದರೆ ತಿರುಗುತ್ತವೆ. ಆರ್ಕೆಸ್ಟ್ರಾದವರು ಅವಳ ಅಂಗಡಿಯಲ್ಲಿ ಬಿಟ್ಟುಹೋದ ಒಂದು ಕೀಬೋರ್ಡ್ ಇತ್ತು. ಸ್ವಂತ ದನಿ ಇಲ್ಲದ, ಕೀ ಮಾತ್ರ ಇರುವ ಜಾತಿ. ಎರಡನ್ನೂ ಜೋಡಿಸುವ ಕೇಬಲ್ ಕಡಬದಲ್ಲಿ ಸಿಗದೆ ಪುತ್ತೂರಿಗೆ ಹೋಗಿ ತಂದಳು.

“ಸ್ಪೀಕರ್ ಕಳಿಸ್ಲಾ?”

“ಬೇಡ. ನೋಂಬಿನಲ್ಲಿ ನಮ್ಮ ಮನೆಯಿಂದ ವಾದ್ಯದ ಶಬ್ದ ಹೊರಗೆ ಹೋಗಬಾರದು.”

“ಹಾಗಾದ್ರೆ ಹೆಡ್‌ಫೋನ್ ಹಾಕ್ಕೊಳ್ಳಿ. ದೇವರಿಗೂ ಕೇಳುದಿಲ್ಲ.”

ಹೊರಗೆ ಕೇಳದಿದ್ದರೆ ನೋಂಬು ಮುರಿಯುವುದಿಲ್ಲ ಎಂದು ನನ್ನನ್ನೇ ಒಪ್ಪಿಸಿಕೊಂಡೆ. ಹೀಗೆ ನಲವತ್ತು ದಿನ ಆ ಸ್ವರಗಳನ್ನು ಕೇಳಿದ್ದು ಇಡೀ ಊರಿನಲ್ಲಿ ನಾನೊಬ್ಬಳೇ.

ಆ ಫೆಬ್ರವರಿಯಲ್ಲಿ ರಬ್ಬರ್ ಎಲೆ ಉದುರಿಸಿ ಮುಗಿಸಿತ್ತು. ತೋಟದೊಳಗೆ ನಡೆದರೆ ಕಾಲಡಿ ಹಪ್ಪಳ ಮುರಿದ ಹಾಗೆ ಆಗುತ್ತಿತ್ತು. ಟ್ಯಾಪಿಂಗ್ ನಿಂತಿತ್ತು, ಮಗ ಹಾಲು ಹಿಡಿಯುವ ಚಿಪ್ಪುಗಳನ್ನು ಕವುಚಿ ಹಾಕಿದ್ದ. ಮಾರ್ಚ್ ಹೊತ್ತಿಗೆ ಚಿಗುರು ತಾಮ್ರದ ಬಣ್ಣದಲ್ಲಿ ಬಂತು. ಜೇನು ಪೆಟ್ಟಿಗೆಯವರು ಲಾರಿಯಲ್ಲಿ ಬಂದು ಮರಗಳ ಕೆಳಗೆ ಸಾಲು ಪೆಟ್ಟಿಗೆ ಇಟ್ಟರು. ಸಂಜೆ ಜಗಲಿಯಲ್ಲಿ ಕೂತರೆ ಹಗಲಿನ ಜೇನಿನ ಗುಂಯ್ ಕಡಿಮೆಯಾಗಿ, ಆಮೇಲೆ ಒಂದು ವಿಚಿತ್ರ ಮೌನ. “ಈ ವರ್ಷ ಜೀರುಂಡೆಗಳೇ ಇಲ್ಲ ನೋಡು,” ಎಂದೆ ಸೊಸೆ ಶೀಬಾಳಿಗೆ. “ಎಲ್ಲ ಈ ಸ್ಪ್ರೇ ಹೊಡೆದೇ ಹೋದವು. ಇಟ್ ಈಸ್ ಎ ಡಿಸ್‌ಗ್ರೇಸ್.” ಶೀಬಾ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ ನನ್ನನ್ನು ನೋಡಿ, “ಹೂಂ ಅಮ್ಮಚ್ಚಿ” ಎಂದು ಮತ್ತೆ ತಲೆ ತಗ್ಗಿಸಿದಳು. ಅದನ್ನು ನಾನು ಒಪ್ಪಿಗೆ ಎಂದೇ ತಿಳಿದೆ.

ದಿನಾ ಬೆಳಗ್ಗೆ ಕಾಫಿ ಕುಡಿದು, ನನ್ನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮೇಜಿನ ಮೇಲೆ ಟ್ಯಾಬ್ ಇಟ್ಟು ಕೂರುತ್ತಿದ್ದೆ. ಒಂದು ರೂಲ್ಡ್ ನೋಟ್‌ಬುಕ್ ಮಾಡಿದ್ದೆ. ಒಂದೊಂದು ಸಿಂಥಿಗೆ ಒಂದೊಂದು ಪುಟ. ಮಕ್ಕಳ ಪ್ರೋಗ್ರೆಸ್ ಕಾರ್ಡ್ ಬರೆದ ಕೈ, ರಿಮಾರ್ಕ್ಸ್ ಇಲ್ಲದೆ ಬಿಡುವುದಿಲ್ಲ.

ಮೊದಲನೆಯದು ಮರದ ಪಟ್ಟಿಯದ್ದು, ಎಲ್ಲಕ್ಕಿಂತ ಹಳೆಯ ಮಾದರಿಯದ್ದು. ಮೂರು ಬೆರಳಿನಲ್ಲಿ ಮೂರು ಸ್ವರದ ಕಾರ್ಡ್ ಹಿಡಿದೆ, ಒಂದೇ ಸ್ವರ ಬಂತು. ಕೆಟ್ಟುಹೋಗಿದೆ ಎಂದು ವಸಂತಿಗೆ ಫೋನ್ ಮಾಡಿದೆ. “ಕೆಟ್ಟದ್ದಲ್ಲ ಟೀಚರೇ, ಆ ಕಾಲದ ಮಿಷನ್ ಹಾಗೆಯೇ. ಒಂದು ಸಲಕ್ಕೆ ಒಬ್ಬನೇ ಮಾತಾಡುದು.” ಆ ಒಬ್ಬ ಮಾತ್ರ ಎಂಥ ದೊಡ್ಡ ಮನುಷ್ಯ! ಹಲಸಿನ ಮೇಣದಂಥ ದಪ್ಪ, ಬಿಟ್ಟರೂ ಬೆರಳಿಗೆ ಅಂಟಿಕೊಳ್ಳುವ ಸ್ವರ. ಪುಸ್ತಕದಲ್ಲಿ ಬರೆದೆ: “ಗ್ರ್ಯಾಂಡ್ ವಾಯ್ಸ್. ಕಾಯಿರ್‌ಗೆ ಅನ್‌ಸೂಟಬಲ್. ಯಾರೊಂದಿಗೂ ಸೇರುವುದಿಲ್ಲ.”

ಎರಡನೆಯದಕ್ಕೆ ಆರು ಸ್ವರ ಒಟ್ಟಿಗೆ ಬರುತ್ತಿದ್ದವು. ಮೂಲೆಯಲ್ಲಿ ಕೋರಸ್ ಎಂಬ ಬಟನ್ ಇತ್ತು, ಅದನ್ನು ಒತ್ತಿದರೆ ಒಂದೇ ಸ್ವರ ಇಬ್ಬರು ಅಕ್ಕತಂಗಿಯರಾಗಿ ಸ್ವಲ್ಪ ಹಿಂದೆ ಮುಂದೆ ನಡೆದಂತೆ ಆಗುತ್ತಿತ್ತು. ಚಿಗುರಿದ ರಬ್ಬರ್ ತೋಟಕ್ಕೆ ಗಾಳಿ ಬಂದ ಹಾಗೆ ಇಡೀ ಸ್ವರ ಅಲುಗುತ್ತಿತ್ತು. ನಮ್ಮ ಆರ್ಗನಿಗೆ ಹತ್ತಿರ, ತುಂಬ ಹತ್ತಿರ. ಆದರೂ ಬರೆದೆ: “ಸ್ವೀಟ್. ಬಟ್ ಡಲ್.”

ಮೂರನೆಯದು ಆಮೇಲಿನ ಕಾಲದ್ದು, ಗಂಟೆಯ ದನಿಯದ್ದು. ಸ್ಟೀಲ್ ಲೋಟಕ್ಕೆ ಚಮಚ ಬಡಿದಷ್ಟು ಶುಭ್ರ. ಅಷ್ಟೇ ತಣ್ಣಗೆ ಕೂಡ. “ವೆರಿ ಕ್ಲೆವರ್. ನೋ ಮದರ್” ಎಂದು ಬರೆದಿದ್ದೇನೆ. ಏಕೆ ಹಾಗೆ ಬರೆದೆನೋ, ಆದರೆ ಈಗಲೂ ಸರಿಯೆನಿಸುತ್ತದೆ.

ನಾಲ್ಕನೆಯದು ಆರ್ಗನ್ ಎಂದೇ ಹೆಸರಿಟ್ಟುಕೊಂಡದ್ದು. ಒಂಬತ್ತು ಹಿಡಿಗಳು, ಅಡುಗೆಮನೆಯ ಡ್ರಾಯರಿನಂತೆ ಎಳೆಯಬೇಕು, ಎಳೆದಷ್ಟೂ ಸ್ವರ ಬರುತ್ತದೆ. ಇದೇ ಇರಬಹುದೆಂದು ಒಂದು ವಾರ ಅದರ ಬೆನ್ನು ಹತ್ತಿದೆ. ಇಲ್ಲ, ಅದು ಹೋಟೆಲಿನಲ್ಲಿ ಬೆಳೆದ ಆರ್ಗನ್, ನಮ್ಮದು ತೋಟದಲ್ಲಿ ಬೆಳೆದದ್ದು. “ಟೂ ಫಾರ್ವರ್ಡ್. ಡಲ್ ಆನ್ ಟಾಪ್.”

ಎಲ್ಲ ಸಿಂಥ್‌ಗಳಲ್ಲೂ ಇದ್ದ ಒಂದು ನಾಬ್ ಕಂಡು ನನಗೆ ನಗು ತಡೆಯಲಾಗಲಿಲ್ಲ. ಹಳೆಯ ಯಂತ್ರಗಳ ಶ್ರುತಿ ಬಿಸಿಗೆ ಜಾರುತ್ತಿತ್ತಲ್ಲ, ಆ ಜಾರುವಿಕೆಯನ್ನು ಬೇಕೆಂದೇ ಸೇರಿಸುವ ನಾಬ್ ಅದು. ನಾನು ನಲವತ್ತೊಂದು ವರ್ಷ ಫಾದರ್‌ಗಳ ಮುಂದೆ ಯಾವುದಕ್ಕೆ ಕ್ಷಮೆ ಕೇಳಿದ್ದೆನೋ, ಅದನ್ನು ಈ ಕಾಲದ ಮಕ್ಕಳು ಚಮಚದಲ್ಲಿ ಅಳೆದು ಹಾಕಿಕೊಳ್ಳುತ್ತಾರೆ.

ಆದರೆ ಮತ್ತೆ ಮತ್ತೆ ಕೇಳಿದ ಮೇಲೆ ಎಲ್ಲ ಪುಟದ ಕೊನೆಗೂ ಅದೇ ರಿಮಾರ್ಕ್ ಸೇರಿತು: ಡಲ್. ಹಳೆಯ ಆರ್ಗನಿನಲ್ಲಿ ಸ್ವರದ ಮೇಲೊಂದು ಹೊಳಪು ಇತ್ತು, ಹೊಸ ರಬ್ಬರ್ ಶೀಟನ್ನು ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ಕಾಣುವಂಥದ್ದು. ಅದು ಯಾವುದರಲ್ಲೂ ಇಲ್ಲ. ವಸಂತಿಯನ್ನು ಕರೆಸಿ ಕೇಳಿದೆ.

“ಕಟ್ಆಫ್ ಅಂತ ಒಂದು ನಾಬ್ ಉಂಟಲ್ಲ, ಅದು ಕಿಟಕಿ ಅಂತ ತಿಳ್ಕೊಳ್ಳಿ,” ಅಂದಳು. “ತೆರೆದಷ್ಟೂ ಸ್ವರಕ್ಕೆ ಬೆಳಕು. ಪಕ್ಕದ್ದು ರೆಸೊನೆನ್ಸ್, ಅದು ಕಿಟಕಿಯ ಅಂಚಿಗೆ ಹಾಕಿದ ಕನ್ನಡಿ. ಸ್ವಲ್ಪ ಸ್ವಲ್ಪವೇ ಮಾಡಿ. ಜಾಸ್ತಿಯಾದ್ರೆ ಕಿವಿಗೆ ಸೂಜಿ.”

ನಾನು ಎರಡನೆಯ ಸಿಂಥಿಗೆ ಹಿಂದಿರುಗಿ ಕಿಟಕಿ ತೆರೆದೆ. ಸಾಲದು. ಇನ್ನೂ ತೆರೆದೆ. ಕನ್ನಡಿಯನ್ನೂ ತಿರುಗಿಸಿದೆ. ಗರಿಗಳ ಭಾನುವಾರದ ಹೊತ್ತಿಗೆ ಎರಡೂ ನಾಬ್ ಹೆಚ್ಚುಕಡಿಮೆ ಕೊನೆ ಮುಟ್ಟಿದ್ದವು, ಮತ್ತು ಒಂದು ಬೆಳಗ್ಗೆ, ಆ ಹೊಳಪು ಬಂತು. ಹೆಡ್‌ಫೋನಿನೊಳಗೆ ನಮ್ಮ ಆರ್ಗನ್ ಕೂತು ನುಡಿಯಿತು. ನಾನು ಒಬ್ಬಳೇ ಕೋಣೆಯಲ್ಲಿ ಅತ್ತೆ. ಪುಸ್ತಕದಲ್ಲಿ ಬರೆದೆ: “ಫೌಂಡ್. ಡಿಯೋ ಗ್ರಾಸಿಯಾಸ್.” ದೇವರಿಗೆ ವಂದನೆ ಎಂಬ ಲ್ಯಾಟಿನ್ ಮಾತು ಅದು.

ಗುರುವಾರ ಮಧ್ಯಾಹ್ನ ವಸಂತಿ ಚರ್ಚಿನಲ್ಲಿ ಎರಡು ಸ್ಪೀಕರ್ ನಿಲ್ಲಿಸಿದಳು. “ಒಂದು ಸಲ ಚೆಕ್ ಮಾಡುವ,” ಎಂದಳು. ನಾನು ಬಿಡಲಿಲ್ಲ. ಗ್ಲೋರಿಯಾದ ತನಕ ಒಂದು ಸ್ವರವೂ ಹೊರಗೆ ಬರಬಾರದು. “ನಿಮ್ಮ ಸಿಸ್ಟರ್ ಸ್ವರ್ಗದಲ್ಲಿ ನಿಮಗೊಂದು ಮೆಡಲ್ ಇಟ್ಟಿರ್ತಾರೆ,” ಎಂದು ಗೊಣಗಿ ಪಕ್ಕದ ಬಾಗಿಲಿನ ಬಳಿ ಮಿಕ್ಸರ್ ಹಿಂದೆ ನಿಂತಳು.

ಸಂಜೆ ನಾಲ್ಕರ ಪೂಜೆ. ಫಾದರ್ ಗ್ಲೋರಿಯಾ ಎತ್ತಿಕೊಂಡರು, ಗಂಟೆಗಳು ಮೊಳಗಿದವು, ನಾನು ಹತ್ತು ಬೆರಳನ್ನೂ ಇಟ್ಟೆ. ನನಗೆ ಅದು ಬೆಳಕಿನ ಹಾಗೆ ಕೇಳಿಸಿತು. ಮುಂದಿನ ಸಾಲಿನಲ್ಲಿ ಎರಡು ಜಡೆಯ ಒಂದು ಸಣ್ಣ ಹುಡುಗಿ ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡಳು. ಗಂಟೆ ಜೋರಾಯಿತು ಎಂದುಕೊಂಡೆ. ಹಿಂದೆ ಒಂದು ಮಗು ಅತ್ತಿತು. ಕಾಯಿರಿನವರು ಹಾಡನ್ನು ಅವಸರದಲ್ಲಿ ಮುಗಿಸಿದ ಹಾಗೆ ಅನಿಸಿತು. ಪೂಜೆ ಮುಗಿದ ಮೇಲೆ ಎಲ್ಲರೂ “ಲಾಯ್ಕಾಯಿತು ಟೀಚರ್” ಎಂದರು. ಲ್ಯಾನ್ಸಿ ಮಾತ್ರ ನೆಲ ನೋಡುತ್ತಿದ್ದ. ಫಾದರ್ ಬೆಂಚಿನ ವಿಷಯ ಎತ್ತಲಿಲ್ಲ.

ಮರುದಿನ ಶುಭ ಶುಕ್ರವಾರ ಬೆಳಗ್ಗೆ ವಸಂತಿ ಮನೆಗೆ ಬಂದಳು. ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ಲೋಟವನ್ನು ಬಹಳ ಹೊತ್ತು ತಿರುಗಿಸಿದಳು.

“ಟೀಚರೇ, ಒಂದು ಮಾತು ಹೇಳಿದ್ರೆ ಬೈಬಾರ್ದು.”

“ಬೈಯುವುದು ನನ್ನ ಪ್ರೊಫೆಶನ್ ಆಗಿತ್ತು. ಹೇಳು.”

“ನಿನ್ನೆಯ ಸೌಂಡ್ ಶಾರ್ಪ್ ಇತ್ತು. ತುಂಬ. ನಾನು ಮಿಕ್ಸರಿನಲ್ಲಿ ಎಷ್ಟು ಇಳಿಸಿದ್ರೂ ಮುಗೀಲಿಲ್ಲ.”

“ನಿನ್ನ ಸ್ಪೀಕರಿನ ಫಾಲ್ಟ್ ಇರಬೇಕು.”

“ಆಗ್ಬಹುದು,” ಅಂದಳು ಮೆಲ್ಲಗೆ. “ನೋಡುವ.” ಟ್ಯಾಬ್ ತೆಗೆದು ಏನೋ ಒತ್ತಿದಳು.

“ಇವತ್ತು ಶಬ್ದ ಬೇಡ ವಸಂತಿ. ಗುಡ್ ಫ್ರೈಡೇ.”

“ಇದು ಸಂಗೀತ ಅಲ್ಲ, ಟೆಸ್ಟಿಂಗ್. ಕೇಳುವಷ್ಟು ಹೊತ್ತು ಕೈ ಎತ್ತಿ ಹಿಡೀರಿ. ನಿಂತದ್ದೇ ಕೆಳಗೆ ಹಾಕಿ.”

ಕ್ಲಾಸಿನ ಮಗುವಿನ ಹಾಗೆ ಕೈ ಎತ್ತಿದೆ. ಒಂದು ಉದ್ದನೆಯ ಸ್ವರ, ಕೆಳಗಿನಿಂದ ಹತ್ತುತ್ತ ಬಂತು. ಆನೆಯ ಗಂಟಲಿನಿಂದ ಕೊಳಲಿಗೆ, ಕೊಳಲಿನಿಂದ ಹಕ್ಕಿಗೆ. ಹಕ್ಕಿ ಸಪೂರವಾಗಿ, ಇನ್ನೂ ಸಪೂರವಾಗಿ, ನಿಂತಿತು. ಕೈ ಕೆಳಗಿಳಿಸಿದೆ. ವಸಂತಿ ನನ್ನನ್ನೇ ನೋಡುತ್ತಿದ್ದಳು. ಅವಳ ಬೆರಳು ಗಾಜಿನ ಮೇಲೆ ಇನ್ನೂ ಜಾರುತ್ತಲೇ ಇತ್ತು. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು, ಕಿವಿ ಒದರಿ, ಕೊಟ್ಟಿಗೆಯ ಹಿಂದೆ ಹೋಯಿತು.

ಅಡುಗೆಮನೆಯಿಂದ ಶೀಬಾ ಕೂಗಿದಳು: “ಎಂತ ಅದು ಕೀಂಯ್ ಅಂತ ಶಬ್ದ? ನಿಲ್ಲಿಸಿ ಮಾರಾಯ್ರೆ, ಹಲ್ಲು ಜುಮ್ಮೆನ್ನುತ್ತದೆ!”

ನನ್ನ ಮಟ್ಟಿಗೆ ಇಡೀ ಜಗಲಿ ನಿಶ್ಶಬ್ದವಾಗಿತ್ತು.

ವಸಂತಿ ಟ್ಯಾಬ್ ಆರಿಸಿದಳು. ಆಮೇಲೆ ನಾನು ಕೇಳಿದೆ, “ಜೀರುಂಡೆ?”

“ಕೂಗ್ತಾ ಉಂಟು ಟೀಚರೇ. ಈಗಲೂ.”

ಒಳಗೆ ಹೋಗಿ ನೋಟ್‌ಬುಕ್ ತೆಗೆದೆ. ಡಲ್. ಸ್ವೀಟ್ ಬಟ್ ಡಲ್. ಡಲ್ ಆನ್ ಟಾಪ್. ಪುಟ ಪುಟದಲ್ಲಿ ನನ್ನದೇ ಕೈಬರಹ, ಕೆಳಗೆ ಗೆರೆ ಎಳೆದು. ನಲವತ್ತು ದಿನ ನಾಲ್ಕು ಯಂತ್ರಗಳಿಗೆ ಮಾರ್ಕ್ಸ್ ಕೊಡುತ್ತ ಕೂತಿದ್ದೆ, ಅವುಗಳಲ್ಲಿ ಒಂದೂ ಫೇಲ್ ಆಗಿರಲಿಲ್ಲ. ಹೆಡ್‌ಫೋನ್ ಹಾಕದೆ ಒಂದೇ ಒಂದು ದಿನ ನುಡಿಸಿದ್ದರೆ ಶೀಬಾ ಮೊದಲ ವಾರವೇ ಕೂಗುತ್ತಿದ್ದಳು. ದೇವರಿಗೂ ಕೇಳದ ಹಾಗೆ ಅಡಗಿಸಿ ಕೇಳಿದ್ದಕ್ಕೆ ಇಷ್ಟಾಯಿತು.

ಫೋನ್ ಕೈಗೆತ್ತಿಕೊಂಡು ಹೊರಗೆ ಬಂದೆ. “ಫಾದರಿಗೆ ಹೇಳುತ್ತೇನೆ. ಈಸ್ಟರಿಗೆ ಲ್ಯಾನ್ಸಿ ನುಡಿಸಲಿ.”

“ಯಾಕೆ?”

“ಯಾಕೆ ಅಂದರೆ ಎಂತ? ಕಿವಿ ಇಲ್ಲದವಳು ಆರ್ಗನ್ ನುಡಿಸುವುದುಂಟಾ?”

ವಸಂತಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವಳು ಸೆರಗು ಸಿಕ್ಕಿಸಿಕೊಂಡು ನಿಲ್ಲುತ್ತಾಳೆ. “ಇಪ್ಪತ್ತು ವರ್ಷದಿಂದ ಯಕ್ಷಗಾನಕ್ಕೆ ಮೈಕ್ ಕಟ್ತಾ ಇದ್ದೇನೆ ನಾನು. ರಂಗಸ್ಥಳದಲ್ಲಿ ಕೂತ ಭಾಗವತರಿಗೆ ಹೊರಗೆ ಎಂತ ಕೇಳ್ತದೆ ಅಂತ ಒಂದು ದಿನವೂ ಗೊತ್ತಾಗುದಿಲ್ಲ. ಅದಕ್ಕೇ ಮೈಕ್‌ಸೆಟ್ಟಿನವರು ಎದುರು ಕೂತುಕೊಳ್ಳುದು. ಬೆರಳು ನಿಮ್ಮದು, ನಾಬ್ ನನ್ನದು. ನಾಳೆ ಬೆಳಗ್ಗೆ ಬರ್ತೇನೆ, ಸ್ಪೀಕರ್ ತರ್ತೇನೆ. ಹೆಡ್‌ಫೋನ್ ಇಲ್ಲಿ ಕೊಡಿ.” ಕೈಚಾಚಿ ನಿಂತಳು. ಕೊಟ್ಟೆ. ಫೋನನ್ನೂ ಒಳಗಿಟ್ಟೆ.

ಶನಿವಾರ ನಮ್ಮ ಮನೆಯ ಚಾವಡಿಯಲ್ಲಿ, ಸಿಸ್ಟರ್ ಬೆನೆಡಿಕ್ಟಾರ ನಿಯಮವನ್ನು ಅರವತ್ತು ವರ್ಷದಲ್ಲಿ ಮೊದಲ ಸಲ ಮುರಿದೆ. ಕಿಟಕಿ ಬಾಗಿಲು ಎಲ್ಲ ತೆರೆದಿತ್ತು. ಹಬ್ಬಕ್ಕೆ ಅಕ್ಕಿಯ ಅಪ್ಪ ಸುಡಲು ಹಿಟ್ಟು ಕಲಸುತ್ತಿದ್ದ ಶೀಬಾಳನ್ನೂ ಕೂರಿಸಿದೆವು, ಹಿಟ್ಟಿನ ಕೈಯಲ್ಲೇ. ನಾಲ್ಕು ಸಿಂಥ್‌ಗಳನ್ನು ಮತ್ತೆ ಮೊದಲಿನಿಂದ ಕೇಳಿದೆವು. ಈ ಸಲ ನಾನು ಬೇರೆಯದನ್ನು ಗಮನಿಸಿದೆ: ಬೆರಳಿಟ್ಟಾಗ ಸ್ವರ ಹೇಗೆ ಎದ್ದು ಬರುತ್ತದೆ, ಬಿಟ್ಟಾಗ ಎಷ್ಟು ಹೊತ್ತು ಕೋಣೆಯಲ್ಲಿ ಉಳಿಯುತ್ತದೆ, ಎಡಗೈಯ ಸ್ವರಕ್ಕೆ ಎಷ್ಟು ತೂಕ. ಅದೆಲ್ಲ ನನಗೆ ಈಗಲೂ ಚೆನ್ನಾಗಿ ಗೊತ್ತಾಗುತ್ತದೆ, ಬಹುಶಃ ಮೊದಲಿಗಿಂತ ಹೆಚ್ಚು. ನನ್ನ ಕಿವಿಗೆ ಬೀಳದ ಮೇಲಿನ ಸಪೂರ ದನಿಯನ್ನು ಅವರಿಬ್ಬರು ನೋಡಿಕೊಂಡರು.

“ಇದು ಬೇಡ, ತಗಡು ಬಡಿದ ಹಾಗೆ,” ಎಂದು ಗಂಟೆಯ ಸಿಂಥನ್ನು ಶೀಬಾ ಒಂದೇ ಮಾತಿಗೆ ಹೊರಗೆ ಹಾಕಿದಳು. ಆರ್ಗನ್ ಹೆಸರಿನದ್ದಕ್ಕೆ ವಸಂತಿ “ಪರವಾಗಿಲ್ಲ, ಆದ್ರೆ ಕ್ಯಾಬರೆಗೆ” ಅಂದಳು. ಮರದ ಪಟ್ಟಿಯ ಒಂಟಿಯನ್ನು ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ಕೇಳಿದೆವು, ಉಪಯೋಗವಿಲ್ಲ ಎಂದು ಗೊತ್ತಿದ್ದೂ.

ಕೊನೆಗೆ ಆರು ಸ್ವರದ್ದು. ವಸಂತಿ ಕಿಟಕಿಯನ್ನು ಮುಚ್ಚುತ್ತ ಬಂದಳು. ಮುಕ್ಕಾಲು, ಅರ್ಧ, ಅರ್ಧಕ್ಕೂ ಕೆಳಗೆ. ನನಗೆ ಸ್ವರದ ಮೇಲೆ ಒಂದೊಂದೇ ಕಂಬಳಿ ಹೊದಿಸಿದ ಹಾಗೆ ಆಗುತ್ತಿತ್ತು. ಶ್ರುತಿ ಜಾರಿಸುವ ನಾಬನ್ನು ಮಾತ್ರ ನಾನೇ ಒಂದು ಚೂರು ತಿರುಗಿಸಿದೆ. ಅಷ್ಟರಲ್ಲಿ ಶೀಬಾ “ಅಯ್ಯೋ” ಎಂದು ಹಿಟ್ಟಿನ ಕೈಯನ್ನು ಎದೆಗೆ ಇಟ್ಟುಕೊಂಡಳು.

“ಅಮ್ಮಚ್ಚಿ, ಇದೇ. ನನ್ನ ಮದುವೆಯ ದಿನ ನಾನು ಒಳಗೆ ಬರುವಾಗ ನೀವು ನುಡಿಸಿದ್ದು ಇದೇ.”

ಅವಳ ಸೀರೆಯ ಮೇಲೆ ಬಿಳಿಯ ಐದು ಬೆರಳು ಮೂಡಿತ್ತು. ವಸಂತಿ ನಾಬಿನಿಂದ ಕೈ ತೆಗೆದಳು. ಆ ಸ್ವರವನ್ನು ಟ್ಯಾಬಿನಲ್ಲಿ ಉಳಿಸಿಡುವಾಗ ಹೆಸರು ಕೇಳುತ್ತದೆ. ‘ಟೀಚರ್ ಈಸ್ಟರ್’ ಎಂದು ಹಾಕಿದಳು. ಹಳೆಯದು ‘ಟೀಚರ್ ಗುರುವಾರ’ ಎಂಬ ಹೆಸರಿನಲ್ಲಿ ಈಗಲೂ ಅದರಲ್ಲಿ ಇದೆ. ಅಳಿಸು ಎಂದರೆ, “ಇರಲಿ, ಇಲಿ ಓಡಿಸಲಿಕ್ಕೆ ಬೇಕಾಗ್ತದೆ” ಎನ್ನುತ್ತಾಳೆ.

ರಾತ್ರಿಯ ಜಾಗರಣೆ ದೊಡ್ಡ ಚರ್ಚಿನಲ್ಲಿ ಆಗುತ್ತದೆ, ನಮ್ಮಲ್ಲಿ ಈಸ್ಟರ್ ಬೆಳಗ್ಗೆ ಎಂಟರ ಪೂಜೆ. ಬೆಂಚಿನ ಮೇಲೆ ಕೂತು ಟ್ಯಾಬನ್ನು ಕೀಗಳ ಪಕ್ಕ ಇಟ್ಟೆ. ಲ್ಯಾನ್ಸಿ ತನ್ನ ಕೀಬೋರ್ಡನ್ನು ಚೀಲದಿಂದ ಅರ್ಧ ಹೊರಗೆ ತೆಗೆದು ಇಟ್ಟುಕೊಂಡಿದ್ದ, ಅವನ ತಪ್ಪಲ್ಲ, ಫಾದರ್ ಹೇಳಿರಬೇಕು. ವಸಂತಿ ಪಕ್ಕದ ಬಾಗಿಲಿನ ಬಳಿ. ಗ್ಲೋರಿಯಾ ಬಂತು. ಬೆರಳಿಟ್ಟೆ.

ನನಗೆ ಡಲ್. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ದೂರದ ಕೋಣೆಯಲ್ಲಿ ಯಾರೋ ನುಡಿಸಿದ ಹಾಗೆ. ಇಡೀ ಜೀವಮಾನ ನನ್ನ ಕಿವಿ ಹೇಳಿದ್ದನ್ನೇ ನಂಬಿದವಳು ನಾನು, ಆ ಹೊತ್ತಿನಲ್ಲಿ ಒಂದು ಕೈ ತೆಗೆದು ಕಿಟಕಿಯನ್ನು ಒಂದಿಷ್ಟು ತೆರೆಯಬೇಕೆಂಬ ಆಸೆ ಎಷ್ಟು ಬಲವಾಗಿತ್ತೆಂದು ಹೇಳಲಾರೆ. ಗಾಜು ಒಂದು ಗೇಣು ದೂರದಲ್ಲಿತ್ತು. ಮುಟ್ಟಲಿಲ್ಲ. ತಲೆ ಎತ್ತಿ ಮುಂದಿನ ಸಾಲನ್ನು ನೋಡಿದೆ. ಎರಡು ಜಡೆಯ ಹುಡುಗಿ ಅಂಗೈಗಳನ್ನು ಕಿವಿಯ ಹತ್ತಿರ ತಂದು ತಯಾರಾಗಿಯೇ ನಿಂತಿದ್ದಳು. ಒಂದು ಸಾಲು ಹೋಯಿತು. ಕೈ ಕೆಳಗಿಳಿಯಿತು. ಎರಡನೆಯ ಸಾಲಿಗೆ ಅವಳ ಬಾಯಿ ತೆರೆಯಿತು. ಹಿಂದಿನ ಬೆಂಚಿನಲ್ಲಿ ಮುದುಕರು, ಆ ಆರ್ಗನಿನ ಕೆಳಗೆ ಮದುವೆಯಾದವರು, ಒಬ್ಬೊಬ್ಬರಾಗಿ ಹಾಡಲು ಶುರುಮಾಡಿದರು. ಲ್ಯಾನ್ಸಿ ಕೀಬೋರ್ಡನ್ನು ಒಳಗೆ ತಳ್ಳಿ ಚೀಲದ ಜಿಪ್ ಎಳೆದ. ಆ ಜಿಪ್ಪಿನ ಶಬ್ದ ನನಗೆ ಕೇಳಿಸಲಿಲ್ಲ, ಕಂಡಿತು.

ಪೂಜೆಯ ನಂತರ ವಸಂತಿ ವೈರು ಸುತ್ತುತ್ತ ಕೇಳಿದಳು, “ಹೇಗಿತ್ತು ಟೀಚರೇ?”

“ನನಗೆ ಡಲ್. ನಿನಗೆ?”

“ನಂಗೆ ಸರಿ ಇತ್ತು.”

“ಹಾಗಾದರೆ ಸರಿ.”

ಆಮೇಲೆ ಪುತ್ತೂರಿನಲ್ಲಿ ಕಿವಿ ಪರೀಕ್ಷೆ ಮಾಡಿಸಿಕೊಂಡೆ. ಒಂದು ಯಂತ್ರವೂ ಬಂದಿದೆ, ಚರ್ಚಿಗೆ ಮಾತ್ರ ಹಾಕುವುದಿಲ್ಲ, ಅದು ಎಲ್ಲ ಸ್ವರಗಳನ್ನೂ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಕೊಡುತ್ತದೆ. ಬೆಂಚು ಈಗಲೂ ನನ್ನದೇ. ಹಬ್ಬದ ದಿನ ವಸಂತಿ ಬಂದು ನಿಲ್ಲುತ್ತಾಳೆ, ಬೇರೆ ದಿನ ಶೀಬಾ ಎರಡನೆಯ ಸಾಲಿನಿಂದ ಹುಬ್ಬಿನಲ್ಲೇ ಹೇಳುತ್ತಾಳೆ.

ಆದರೆ ರಾಳದ ವಾಸನೆಗೆ ನೆಲ್ಯಾಡಿಯಲ್ಲಿ ನನಗೆ ನೆನಪಾದದ್ದು ಅದ್ಯಾವುದೂ ಅಲ್ಲ. ನೆನಪಾದದ್ದು ಆ ಈಸ್ಟರಿನ ಸಂಜೆ. ನೆಂಟರು ಹೋಗಿ ಆಗಿತ್ತು. ಜಗಲಿಯಲ್ಲಿ ನಾನು, ಮೆಟ್ಟಿಲ ಮೇಲೆ ಶೀಬಾ. ಜೇನು ಪೆಟ್ಟಿಗೆಗಳ ಗುಂಯ್ ತಗ್ಗಿ, ತೋಟದ ಮೇಲೆ ನನ್ನ ಆ ಮೌನ ಇಳಿಯಿತು.

“ಶೀಬಾ, ಜೀರುಂಡೆ ಕೂಗ್ತಾ ಉಂಟಾ?”

ಅವಳು ಈ ಸಲ ತಲೆ ತಗ್ಗಿಸಲಿಲ್ಲ. “ಉಂಟು ಅಮ್ಮಚ್ಚಿ. ಕಿವಿ ತೂತಾಗುವ ಹಾಗೆ.”

“ನಿಂತಾಗ ಹೇಳು.”

ಕೂತೆವು. ತಾಮ್ರದ ಚಿಗುರು ಕಪ್ಪಾಗುತ್ತ ಬಂತು. ಒಳಗೆ ಯಾರೋ ದೀಪ ಹಾಕಿದರು. ನಾನು ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕೇಳದಿದ್ದುದಕ್ಕೆ ಕಿವಿ ಕೊಟ್ಟು, ಅವಳ ಮುಖ ನೋಡುತ್ತಿದ್ದೆ.

“ಈಗ ನಿಂತಿತು,” ಎಂದಳು.

ಎದ್ದು ಒಳಗೆ ಹೋದೆವು.